ಗೊಜ್ಜಿನ ಬೆಲ್ಲಕ್ಕೆ ಕ್ಷಮೆಯೇಕೆ?

ಹೊರನಾಡಿನ ನಮ್ಮ ಕೂಟಗಳ ಹಬ್ಬದೂಟಗಳಲ್ಲಿ ಒಂದು ವಾಡಿಕೆ ಮೆಲ್ಲಗೆ ಬೇರೂರುತ್ತಿದೆ. ಅಡುಗೆಯವರಿಗೆ ಪಟ್ಟಿ ಬರೆದುಕೊಡುವಾಗಲೇ ‘ಗೊಜ್ಜಿಗೆ ಬೆಲ್ಲ ಬೇಡ, ಎಲ್ಲರಿಗೂ ಸೇರುವುದಿಲ್ಲ’ ಎಂದು ಹೇಳಿಬಿಡುತ್ತೇವೆ. ನೆರೆಯವರನ್ನು ಮನೆಗೆ ಊಟಕ್ಕೆ ಕರೆದಾಗಲೂ ಇದೇ ಅಳುಕು. ಹಾಗಲಕಾಯಿ ಗೊಜ್ಜನ್ನು ಬಡಿಸುವ ಮೊದಲೇ ‘ಸ್ವಲ್ಪ ಸಿಹಿಯಿದೆ, ಏನೂ ತಿಳಿಯಬೇಡಿ’ ಎನ್ನುತ್ತೇವೆ. ಇದೇನೆಂದು ಅವರು ಕೇಳಿದರೆ ‘ಒಂದು ಬಗೆಯ ಕರಿ’ ಎಂದು ಮಾತು ಮುಗಿಸುತ್ತೇವೆ. ಇದನ್ನು ಸೌಜನ್ಯವೆಂದು ಭಾವಿಸುವವರಿದ್ದಾರೆ. ನನಗೆ ಇದು ಸೌಜನ್ಯದ ವೇಷ ತೊಟ್ಟ ಶರಣಾಗತಿಯಂತೆ ಕಾಣುತ್ತದೆ.

ಮೊದಲು ಗೊಜ್ಜು ಎಂದರೇನೆಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಹುಣಸೆಯ ಹುಳಿ, ಮೆಣಸಿನಕಾಯಿಯ ಖಾರ, ಉಪ್ಪು ಮತ್ತು ಬೆಲ್ಲ, ಈ ನಾಲ್ಕೂ ಒಂದನ್ನೊಂದು ಹಿಡಿದು ನಿಲ್ಲಿಸುವ ಅಡುಗೆ ಅದು. ಹಾಗಲಕಾಯಿಯಾದರೆ ಕಹಿಯೂ ಬಂದು ಐದಾಗುತ್ತದೆ. ಇಲ್ಲಿ ಬೆಲ್ಲ ಬರುವುದು ಪದಾರ್ಥವನ್ನು ಸಿಹಿ ಮಾಡಲೆಂದಲ್ಲ. ಸಿಹಿಯು ಕಹಿಯನ್ನೂ ಹುಳಿಯನ್ನೂ ನಾಲಗೆಯ ಮೇಲೆ ತಗ್ಗಿಸುತ್ತದೆ. ಖಾರದ ಉರಿಯನ್ನು ಅಷ್ಟಿಷ್ಟು ತಣಿಸುತ್ತದೆ. ಹಾಗಾಗಿಯೇ ಗೊಜ್ಜಿನಲ್ಲಿ ಹುಣಸೆಯನ್ನು ಸಾರಿಗಿಂತ ಧಾರಾಳವಾಗಿ ಹಾಕಬಹುದು. ಬೆಲ್ಲವನ್ನು ತೆಗೆದು ನೋಡಿ: ಹುಳಿ ಹಲ್ಲು ಚುಳ್ಳೆನ್ನಿಸುತ್ತದೆ, ಆದ್ದರಿಂದ ಹುಣಸೆಯನ್ನು ಕಡಿಮೆ ಮಾಡುತ್ತೀರಿ. ಹುಣಸೆ ಇಳಿದೊಡನೆ ಖಾರ ಎದ್ದು ಕಾಣುತ್ತದೆ, ಆದ್ದರಿಂದ ಮೆಣಸಿನಕಾಯಿಯನ್ನು ಇಳಿಸುತ್ತೀರಿ. ಕಡೆಗೆ ಉಪ್ಪೂ ಇಳಿಯಬೇಕಾಗುತ್ತದೆ. ಒಂದು ಉಂಡೆ ಬೆಲ್ಲವನ್ನು ಬಿಟ್ಟುಕೊಟ್ಟವರು ನಾಲ್ಕು ರುಚಿಗಳನ್ನೂ ಬಿಟ್ಟುಕೊಟ್ಟಿರುತ್ತಾರೆ. ಉಳಿಯುವುದು ಹಾಗಲಕಾಯಿ ತೇಲುವ ತೆಳ್ಳನೆಯ ಹುಳಿ. ಅದಕ್ಕೆ ‘ಕರಿ’ ಎಂಬ ಹೆಸರು ಒಪ್ಪುತ್ತದೆ. ಯಾವುದಕ್ಕಾದರೂ ಒಪ್ಪುವ ಹೆಸರಲ್ಲವೇ ಅದು!

ಮಾಡುವ ಕ್ರಮದಲ್ಲಿಯೂ ಈ ವಿವೇಕವೇ ಇದೆ. ಹೆಚ್ಚಿದ ಹಾಗಲಕಾಯಿಗೆ ಉಪ್ಪು ಸವರಿಟ್ಟು, ನೀರು ಬಿಟ್ಟ ಮೇಲೆ ಹಿಂಡಿ, ಒಗ್ಗರಣೆಯ ಎಣ್ಣೆಯಲ್ಲಿ ಮೆತ್ತಗಾಗುವವರೆಗೆ ಹುರಿಯಬೇಕು. ಹುಣಸೆರಸ ಬೀಳುವುದು ಆ ಮೇಲೆ. ಹುಳಿ ಮೊದಲೇ ಬಿದ್ದರೆ ಹೋಳು ಬೇಯಲು ಹಟ ಮಾಡುತ್ತದೆ. ರಸದ ಹಸಿವಾಸನೆ ಹೋಗುವಷ್ಟು ಕುದಿಸಿ ಬೆಲ್ಲ ಹಾಕಬೇಕು. ಕಡಲೆಬೇಳೆ, ಉದ್ದಿನಬೇಳೆ, ಕೊತ್ತಂಬರಿ ಬೀಜ, ಮೆಂತ್ಯ, ಎಳ್ಳು, ಮೆಣಸಿನಕಾಯಿಗಳನ್ನು ಹುರಿದು ಕೊಬ್ಬರಿಯೊಡನೆ ಮಾಡಿದ ಪುಡಿಯನ್ನು ಬೆರೆಸಿ, ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಸಣ್ಣ ಉರಿಯಲ್ಲಿಡಬೇಕು. ಆತುರ ಇದಕ್ಕೆ ಆಗದು.

‘ಊಟದ ಪದಾರ್ಥದಲ್ಲಿ ಬೆಲ್ಲವೇ?’ ಎಂದು ನಗುವವರಿಗೆ ಉತ್ತರ ನಾವಿರುವ ಊರುಗಳಲ್ಲೇ ಇದೆ. ಪುಣೆಯ ಮನೆಗಳ ಚಿಂಚ-ಗೂಳದ ಆಮಟಿ ಎಂದರೆ ಹುಣಸೆ-ಬೆಲ್ಲದ ಬೇಳೆಯಲ್ಲದೆ ಮತ್ತೇನು? ಮುಂಬೈಯ ಗುಜರಾತಿ ಥಾಲಿಯ ದಾಲ್ ಬೆಲ್ಲವಿಲ್ಲದೆ ನಡೆಯುವುದಿಲ್ಲ. ಚೆನ್ನೈಯವರು ತಮಿಳು ಹೊಸವರ್ಷಕ್ಕೆ ಮಾವಿನಕಾಯಿ ಪಚ್ಚಡಿಗೆ ಬೆಲ್ಲ ಬೆರೆಸಿ ಸವಿಯುತ್ತಾರೆ; ಚಿದಂಬರದ ಬದನೆಕಾಯಿ ಗೊತ್ಸು ಹೆಸರಿನಲ್ಲೂ ನಮ್ಮ ಗೊಜ್ಜಿಗೆ ಹತ್ತಿರ. ಹೈದರಾಬಾದಿನ ತೆಲುಗು ಮನೆಗಳಲ್ಲಿ ಬೆಲ್ಲ ಬಿದ್ದ ಪುಲುಸು ಅಪರೂಪವೇನಲ್ಲ. ಮಲಯಾಳಿಗಳ ಓಣಂ ಎಲೆಯಲ್ಲಿ ಇಂಜಿಪುಳಿ ಇರಲೇಬೇಕು. ಇವರಾರೂ ತಮ್ಮ ಬೆಲ್ಲಕ್ಕೆ ಕ್ಷಮೆ ಕೇಳಿದ್ದನ್ನು ನಾನು ಕಂಡಿಲ್ಲ. ನಾವು ಮಾತ್ರ ಏಕೆ ತಲೆ ತಗ್ಗಿಸಬೇಕು?

ಹಾಗೆಂದು, ‘ಊರಿನ ಸಾಮಾನಿಲ್ಲದೆ ಗೊಜ್ಜೇ ಆಗದು’ ಎನ್ನುವ ನಮ್ಮ ಶುದ್ಧವಾದಿಗಳ ಪಕ್ಷವೂ ನನ್ನದಲ್ಲ. ಅವರ ಹಟವೂ ಗೊಜ್ಜನ್ನು ಮನೆಯಿಂದ ಹೊರಹಾಕುತ್ತದೆ. ಮೆಣಸಿನಕಾಯಿ ಅಮೆರಿಕ ಖಂಡದ್ದು. ಪೋರ್ಚುಗೀಸರ ಕಾಲದಲ್ಲಿ ಇಲ್ಲಿಗೆ ಬಂತು. ಮದುವೆ ಮನೆಗಳ ಹೆಮ್ಮೆಯಾದ ಅನಾನಸ್ ಕೂಡ ಅಲ್ಲಿಯದೇ. ಹುಣಸೆಯ ಮೂಲ ಆಫ್ರಿಕಾ. ಚಾವುಂಡರಾಯ 1025ರ ಸುಮಾರಿಗೆ ‘ಲೋಕೋಪಕಾರ’ದಲ್ಲಿ ಅಡುಗೆಯ ವಿಷಯ ಬರೆದಾಗ ಕನ್ನಡ ನಾಡಿನ ಖಾರವೆಲ್ಲ ಕಾಳುಮೆಣಸು, ಶುಂಠಿಗಳಂಥವುಗಳದ್ದು. ಹೊಸ ಕಾಯಿ ಬಂದಾಗ ಹಳೆಯ ಮೆಣಸಿನ ಹೆಸರನ್ನೇ ಅದಕ್ಕೆ ಕೊಟ್ಟು ‘ಮೆಣಸಿನಕಾಯಿ’ ಎಂದು ಒಳಗೆ ಕರೆದುಕೊಂಡೆವು. ಊರೊಳಗೂ ಗೊಜ್ಜು ಒಂದೇ ಅಲ್ಲ. ಕರಾವಳಿಯಲ್ಲಿ ಎಳ್ಳು-ತೆಂಗಿನ ಮಸಾಲೆಯ ಈ ಅಡುಗೆ ಮೆಣಸ್ಕಾಯಿ. ಅಲ್ಲಿ ಗೊಜ್ಜೆಂದರೆ ಸುಟ್ಟ ಬದನೆಯನ್ನು ಕಿವುಚಿ ಮಾಡಿದ ಬೇರೆಯೇ ಪದಾರ್ಥ. ಮೈಸೂರು ಸೀಮೆಯಲ್ಲಿ ಒಲೆಯನ್ನೇ ಕಾಣದ ಹಸಿಗೊಜ್ಜೂ ಉಂಟು.

ಆದ್ದರಿಂದ ಸಾಮಾನು ಬದಲಾಗಲಿ, ಹದ ಬದಲಾಗದಿರಲಿ. ಪುಣೆಯಲ್ಲಿ ಕೊಲ್ಲಾಪುರದ ಬೆಲ್ಲ ಸಿಗುತ್ತದೆ, ಮಂಡ್ಯದ್ದಕ್ಕಾಗಿ ಕಾಯಬೇಕಿಲ್ಲ. ಬ್ಯಾಡಗಿ ಸಿಗದ ಕಡೆ ಗುಂಟೂರಿನದನ್ನು ಹಾಕಿ. ಅದು ಬಣ್ಣಕ್ಕಿಂತ ಖಾರದಲ್ಲಿ ಮುಂದು, ಸಂಖ್ಯೆ ಇಳಿಸಿದರಾಯಿತು. ದೆಹಲಿಯ ತರಕಾರಿ ಗಾಡಿಯವನು ‘ಸೀತಾಫಲ್’ ಎಂದು ಕೂಗಿ ಮಾರುವ ಸಿಹಿಗುಂಬಳದಲ್ಲಿಯೂ ಗೊಜ್ಜು ಆಗುತ್ತದೆ. ಅದಕ್ಕೆ ತನ್ನದೇ ಸಿಹಿಯಿರುವುದರಿಂದ ಬೆಲ್ಲ ಕಡಿಮೆ ಸಾಕು. ಹದ ಗೊತ್ತಿದ್ದವರಿಗೆ ಯಾವ ಊರೂ ಪರವೂರಲ್ಲ.

ಸಕ್ಕರೆ ಕಾಯಿಲೆಯ ಮಾತೂ ಬರುತ್ತದೆ. ಅದನ್ನು ತಳ್ಳಿಹಾಕುವಂತಿಲ್ಲ. ಬೆಲ್ಲವೂ ಸಕ್ಕರೆಯ ಒಡಹುಟ್ಟೇ. ಅದನ್ನು ಔಷಧವೆಂದು ಹೊಗಳುವುದು ಅಪ್ರಾಮಾಣಿಕತೆ. ಆದರೆ ಗೊಜ್ಜು ಬಟ್ಟಲು ತುಂಬ ಸುರಿದುಕೊಳ್ಳುವ ಪದಾರ್ಥವೇ ಅಲ್ಲ, ಎಲೆಯ ಮೇಲೆ ಒಂದು ಸಣ್ಣ ಸೌಟು. ವೈದ್ಯರು ಬೇಡವೆಂದವರು ಬಿಡಲಿ, ಬೇಕಾದವರು ಅರ್ಧ ಬಡಿಸಿಕೊಳ್ಳಲಿ. ಅದೇ ಊಟದ ಕೊನೆಗೆ ಎರಡೆರಡು ಜಾಮೂನು ಬಡಿಸುವ ನಾವು ಆರೋಗ್ಯದ ಹೆಸರಿನಲ್ಲಿ ಗೊಜ್ಜಿನ ಬೆಲ್ಲವನ್ನು ಮಾತ್ರ ಹಿಡಿದು ನಿಲ್ಲಿಸುವುದು ಯಾವ ನ್ಯಾಯ?

ಇಷ್ಟು ಸಣ್ಣ ಸಂಗತಿಗೆ ಇಷ್ಟು ಗುದ್ದಾಟವೇಕೆ ಎಂದು ಕೇಳಬಹುದು. ಕಾರಣವಿದೆ. ಇಡ್ಲಿ, ದೋಸೆಗಳನ್ನು ಉಡುಪಿ ಹೋಟೆಲುಗಳು ದೇಶವೆಲ್ಲ ಹರಡಿದವು. ನಮ್ಮ ಮನೆಗಳಲ್ಲಿ ಅವು ನಿಂತರೂ ಮಾಟುಂಗದಲ್ಲಿ ನಿಲ್ಲುವುದಿಲ್ಲ. ಗೊಜ್ಜಿಗೆ ಆ ಭಾಗ್ಯವಿಲ್ಲ. ಹೋಟೆಲಿನ ಪಟ್ಟಿಯಲ್ಲಿ ಅದು ಕಾಣಿಸುವುದೇ ವಿರಳ. ಹೊರನಾಡಿನಲ್ಲಿ ಅದಕ್ಕಿರುವ ಕಾವಲು ಎರಡೇ: ಮನೆಯ ಒಲೆ, ಕೂಟದ ಎಲೆ. ಆ ಎರಡೂ ಕಡೆ ಬೆಲ್ಲ ತೆಗೆದು ‘ಕರಿ’ ಎಂದು ಕರೆದರೆ, ಇಲ್ಲಿ ಬೆಳೆಯುವ ಮಕ್ಕಳಿಗೆ ರುಚಿಯೂ ಸಿಗದು, ಮಾತೂ ಸಿಗದು. ‘ಹದ’ ಎಂಬ ಮಾತನ್ನು ಅರ್ಥಕೋಶದಿಂದ ಕಲಿಸಲಾಗುವುದಿಲ್ಲ. ಹಾಗಲಕಾಯಿಯ ಕಹಿಯ ಹಿಂದೆಯೇ ಹುಳಿ, ಖಾರ, ಸಿಹಿ ಸಾಲಾಗಿ ಬಂದು ಒಂದಾಗುವುದನ್ನು ನಾಲಗೆ ಅರಿತಾಗ ಆ ಮಾತಿಗೆ ಅರ್ಥ ಹುಟ್ಟುತ್ತದೆ.

ಆದುದರಿಂದ ಬರುವ ಹಬ್ಬದ ಪಟ್ಟಿಯಲ್ಲಿ ‘ಗೊಜ್ಜು’ ಎಂದೇ ಬರೆಯಿರಿ, ಅದರ ಪಕ್ಕದಲ್ಲಿ ಬೆಲ್ಲವನ್ನೂ ಬರೆಯಿರಿ. ನೆರೆಯವರು ಏನೆಂದು ಕೇಳಿದರೆ ಹೆಸರು ಹೇಳಿ ಬಡಿಸಿ. ಸೇರದವರು ಬಿಡುತ್ತಾರೆ, ಅದು ಅವರ ನಾಲಗೆಯ ಸ್ವಾತಂತ್ರ್ಯ. ಅವರು ಬಿಡುವ ಮೊದಲೇ ನಾವು ಬಿಡುವುದು ಬೇಡ.