ಸಮವಲ್ಲದ ನಡಿಗೆಯೂ ನಡಿಗೆಯೇ



ಸ್ವಾತಂತ್ರ್ಯೋತ್ಸವದ ಪಥಸಂಚಲನದ ತಾಲೀಮಿನಲ್ಲಿ ನಾನೊಮ್ಮೆ ಒಬ್ಬ ಹುಡುಗನನ್ನು ಸಾಲಿನಿಂದ ಹೊರಗೆ ನಿಲ್ಲಿಸಿದೆ. ಪೋಲಿಯೋದಿಂದ ಅವನ ಬಲಗಾಲು ಸಣಕಲಾಗಿ, ತುಸು ಗಿಡ್ಡವಾಗಿತ್ತು. "ಸಾಲು ಕೆಡುತ್ತದೆಯಪ್ಪಾ, ಸರಿಯಾಗಿ ನಡೆಯಲು ಕಲಿತು ಬಾ" ಎಂದಿದ್ದೆ. ಅವನು ಮೂರು ಮೈಲಿ ದೂರದ ಹಳ್ಳಿಯಿಂದ ದಿನವೂ ನಡೆದೇ ಶಾಲೆಗೆ ಬರುತ್ತಿದ್ದನೆಂಬುದು ಆಗ ನನಗೆ ಹೊಳೆಯಲಿಲ್ಲ. ಹೊಳೆದದ್ದು ನಿವೃತ್ತನಾದ ಮೇಲೆ, ನಡೆಯುವ ಯಂತ್ರಗಳ ಕುರಿತು ಓದುವಾಗ.

ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿದ್ದ ಟ್ಯಾಡ್ ಮೆಕ್‌ಗೀರ್ ಅವರು 1990ರಲ್ಲಿ ಒಂದು ಸೋಜಿಗದ ಪ್ರಬಂಧವನ್ನು ಪ್ರಕಟಿಸಿದರು. ಅವರ ಯಂತ್ರಕ್ಕೆ ಕಾಲುಗಳಿದ್ದವು. ನಡೆಸುವ ಮೋಟಾರಾಗಲಿ, ಗಣಕವಾಗಲಿ ಇರಲಿಲ್ಲ. ಸಣ್ಣ ಇಳಿಜಾರಿನ ಮೇಲಿಟ್ಟು ಮೆಲ್ಲನೆ ನೂಕಿದರೆ ಅದು ತಾನೇ ಹೆಜ್ಜೆಯಿಡುತ್ತ ಇಳಿಯುತ್ತಿತ್ತು. ಇದರ ತತ್ತ್ವ ನಾವು ತರಗತಿಯಲ್ಲಿ ಕಲಿತ ಲೋಲಕದ್ದೇ. ನೆಲವನ್ನೂರಿದ ಕಾಲು ತಲೆಕೆಳಗಾದ ಲೋಲಕ; ಮುಂದಕ್ಕೆ ತೂಗುವ ಕಾಲು ತೂಗುಬಿಟ್ಟ ಲೋಲಕ. ಪಾದವು ನೆಲಕ್ಕೆ ಬಡಿದಾಗ ನಷ್ಟವಾಗುವ ಶಕ್ತಿಯನ್ನು ಇಳಿಜಾರು ತುಂಬಿಕೊಡುತ್ತದೆ.

1998ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಗಾರ್ಸಿಯಾ, ಚಟರ್ಜಿ, ರೂಯಿನಾ ಮತ್ತು ಕೋಲ್ಮನ್ ಅವರು ಈ ಯಂತ್ರವನ್ನು ಗಣಿತದಲ್ಲಿ ಇನ್ನೂ ಸರಳಗೊಳಿಸಿದರು. (ಇವರಲ್ಲಿ ಅನಿಂದ್ಯ ಚಟರ್ಜಿಯವರು ಮುಂದೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಬೋಧಿಸಿದವರು.) ಸೊಂಟದಲ್ಲೊಂದು ಭಾರ, ಎರಡು ನೆಟ್ಟನೆಯ ಕಾಲುಗಳು, ಅಷ್ಟೇ. ಕಾಲುಗಳೆರಡೂ ಸರಿಸಮಾನ. ಆದರೂ ಇಳಿಜಾರನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದಾಗ, ಅದಿನ್ನೂ ಒಂದು ಡಿಗ್ರಿಯನ್ನು ಮುಟ್ಟುವ ಮೊದಲೇ, ಆ ಮಾದರಿ ಒಂದು ಉದ್ದ, ಒಂದು ಗಿಡ್ಡ ಹೆಜ್ಜೆಯಿಡತೊಡಗಿತು. ಅಂದರೆ ಕುಂಟಿತು, ಆದರೆ ಬೀಳಲಿಲ್ಲ. ಅದೇ ಕುಂಟನ್ನು ಲಯಬದ್ಧವಾಗಿ ಪುನರಾವರ್ತಿಸುತ್ತ ನಡೆಯಿತು.

ಸಮನಾದ ಕಾಲುಗಳ ಪಾಡೇ ಹೀಗಾದರೆ, ಅಸಮ ಕಾಲುಗಳ ಮಾತೇನು? ಲೋಲಕದ ಆಂದೋಲನಕಾಲವು ಅದರ ಉದ್ದವನ್ನು ಅವಲಂಬಿಸಿದೆಯೆಂದು ನಿಮಗೆಲ್ಲ ಬಾಯಿಪಾಠ ಮಾಡಿಸಿದವನು ನಾನೇ. ಗಿಡ್ಡ ಕಾಲು ಬೇಗ ತೂಗುತ್ತದೆ, ಉದ್ದ ಕಾಲು ನಿಧಾನ. ಅವೆರಡನ್ನೂ ಒಂದೇ ತಾಳಕ್ಕೆ ಬಗ್ಗಿಸಹೊರಟರೆ, ಹೆಜ್ಜೆಯಲ್ಲಿ ಮರೆಯಾದ ಅಸಮತೆ ಕೀಲುಗಳ ಮೇಲಿನ ಹೊರೆಯಲ್ಲಿ ತಲೆಯೆತ್ತುತ್ತದೆ. ದಕ್ಷಿಣ ಫ್ಲಾರಿಡಾ ವಿಶ್ವವಿದ್ಯಾಲಯದ ಕೈಲ್ ರೀಡ್ ಮತ್ತು ಸಂಗಡಿಗರು ಇಂತಹ ಅಸಮ ಮಾದರಿಗಳನ್ನು ಕೃತಕ ಕಾಲಿನ ವಿನ್ಯಾಸಕ್ಕೆ ಬಳಸಿದ್ದಾರೆ. ಕೃತಕ ಕಾಲು ನಿಜಕಾಲಿನ ಪಡಿಯಚ್ಚಾಗಬೇಕಿಲ್ಲ. ಅದನ್ನು ಹಗುರಗೊಳಿಸಿ, ಮಂಡಿಯ ಸ್ಥಾನವನ್ನು ಬದಲಿಸಿದರೆ ನಡಿಗೆ ಸುಧಾರಿಸಬಹುದೆಂಬುದು ಅವರ ವಿಚಾರ.

ಈ ಮಾದರಿಗಳಿಗೆ ಸ್ನಾಯುಗಳಿಲ್ಲ, ನೋವಿಲ್ಲ, ಬಿದ್ದೇನೆಂಬ ಭಯವಿಲ್ಲ. ಆದ್ದರಿಂದ ಕುಂಟುವವರಿಗೆಲ್ಲ ಚಿಕಿತ್ಸೆ ಬೇಡವೆಂದು ನಾನು ಹೇಳುತ್ತಿಲ್ಲ. ನೋವಿದ್ದರೆ, ಪದೇ ಪದೇ ಬೀಳುವಂತಿದ್ದರೆ ವೈದ್ಯರ ಬಳಿಗೆ ಹೋಗಲೇಬೇಕು. ನನ್ನ ಅಭಿಪ್ರಾಯ ಇಷ್ಟೇ: ನಡಿಗೆಯ ಒಳ್ಳೆಯತನವನ್ನು ನೋಡುವವರ ಕಣ್ಣಿನಿಂದ ಅಳೆಯಬಾರದು. ಆಯಾಸವೆಷ್ಟು, ನೋವೆಷ್ಟು, ಎಷ್ಟು ದೂರ ಕ್ರಮಿಸಬಲ್ಲರು ಎಂಬುದರಿಂದ ಅಳೆಯಬೇಕು. ನಮ್ಮ ಕಣ್ಣಿಗೆ ದೋಷವೆನಿಸುವ ನಡಿಗೆಯು ಎಷ್ಟೋ ಸಲ ಆ ದೇಹ ತನ್ನ ಲೆಕ್ಕವನ್ನು ತಾನೇ ಬಿಡಿಸಿ ಕಂಡುಕೊಂಡ ಉತ್ತರವಾಗಿರುತ್ತದೆ.

ಆ ಹುಡುಗ ಅಂದು ಏನೂ ಅನ್ನದೆ ಧ್ವಜಸ್ತಂಭದ ಬಳಿ ನಿಂತು ಸಾಲನ್ನು ನೋಡುತ್ತಿದ್ದ. ಆಮೇಲೆ ಎಂದಿನಂತೆ ಮೂರು ಮೈಲಿ ನಡೆದು ಮನೆಗೆ ಹೋದ. ಸರಿಯಾಗಿ ನಡೆಯಲು ಅವನು ಮೊದಲೇ ಕಲಿತಿದ್ದ. ಸರಿಯಾಗಿ ನೋಡಲು ಕಲಿಯದವನು ನಾನು. ಈ ಬರಹ ಅವನ ಕಣ್ಣಿಗೆ ಬಿದ್ದರೆ, ಮೇಷ್ಟ್ರು ತಮ್ಮ ತಪ್ಪನ್ನು ತಿದ್ದಿಕೊಂಡಿದ್ದಾರೆಂದು ಅವನು ತಿಳಿಯಲಿ.