ಸೆಕೆಂಡ್ ರೌಂಡ್ ಆಗ್ಲಿ, ನೋಡುವ

ಮಳೆ ಸರಿಯಾಗಿ ಹಿಡಿದುಕೊಂಡ ಮೇಲೆ ನಮ್ಮ ಕಡೆ ಪಿಯುಸಿ ಮುಗಿಸಿದ ಮಕ್ಕಳಿರುವ ಯಾವ ಮನೆಗೆ ಹೋದರೂ ಒಂದೇ ಮಾತು. "ಸೀಟ್ ಆಯ್ತಾ?" "ಇಲ್ಲ, ಸೆಕೆಂಡ್ ರೌಂಡ್ ಆಗ್ಲಿ, ನೋಡುವ." ಆ "ನೋಡುವ" ಎನ್ನುವುದರಲ್ಲಿ ಎಷ್ಟು ಸಂಕಟ ಉಂಟು ಅಂತ ಹೇಳುವವರ ಮುಖ ನೋಡಿದರೆ ಗೊತ್ತಾಗ್ತದೆ. ಕೇಳಿದವರು ಅಷ್ಟಕ್ಕೆ ಬಿಡುವುದಿಲ್ಲ. ತಮ್ಮ ಭಾವನ ಮಗನಿಗೆ ಫಸ್ಟ್ ರೌಂಡಲ್ಲೇ ಆದದ್ದನ್ನು ಹೇಳಿಯೇ ಕೊಡೆ ಬಿಡಿಸಿ ಹೊರಡುವುದು.

ಉಡುಪಿ ಜಿಲ್ಲೆಯಲ್ಲಿ ಈ ಸಂಕಟ ಸ್ವಲ್ಪ ಜಾಸ್ತಿಯೇ. 2024ರ ದ್ವಿತೀಯ ಪಿಯುಸಿಯಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೆ ಮೊದಲು, ನಾವು ಎರಡನೆಯವರು. 2025ರಲ್ಲಿ ನಾವು ಮೊದಲು, ಅವರು ಎರಡನೆಯವರು. ಕಾರ್ಕಳದ ಹತ್ತಿರ ಪಿಯು ಕಾಲೇಜು ಇರುವ ಒಂದು ಜಾಗಕ್ಕೆ ಗಣಿತನಗರ ಅಂತಲೇ ಹೆಸರು. ಇಂಥ ಊರಲ್ಲಿ 95 ಪರ್ಸೆಂಟ್ ಎಂದರೆ "ಹೌದಾ, ಒಳ್ಳೇದಾಯ್ತು" ಅಂದು ಚಹಾ ಕುಡಿಯುವಷ್ಟು ಸಾಮಾನ್ಯ. ಹಾಗಾಗಿ ಅಷ್ಟು ಅಂಕ ತೆಗೆದ ಹುಡುಗಿಗೆ ಬೇಕಾದ ಸೀಟು ಸಿಗದಿದ್ದರೆ ಎಲ್ಲಿಯೋ ಅವಳೇ ಏನೋ ತಪ್ಪು ಮಾಡಿದಳು ಅನ್ನುವ ಲೆಕ್ಕ.

ನನ್ನ ಚಿಕ್ಕಮ್ಮನ ಮಗಳು ಹೀಗೆ ಕಾದವಳು. ಮನೆ ಕಾಪುವಿನಲ್ಲಿ. ಸಿಇಟಿ ಮೊದಲ ಸುತ್ತಿನಲ್ಲಿ ಅವಳಿಗೆ ಬಂಟಕಲ್ಲಿನ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಸಿಕ್ಕಿತು. ಮನೆಯಿಂದಲೇ ಹೋಗಿ ಬರಬಹುದು. ಅವಳಿಗೆ ಬೇಕಾದದ್ದು ಕಂಪ್ಯೂಟರ್ ಸೈನ್ಸ್, ಆದರೆ ಬೆಂಗಳೂರು, ಆಗದಿದ್ದರೆ ಎಲ್ಲಿಯಾದರೂ. ಎರಡನೇ ಸುತ್ತಿಗೆ ಇನ್ನೂ ದಿನ ಇತ್ತು. ಆಗ ಚಿಕ್ಕಪ್ಪನಿಗೆ ಒಂದು ಫೋನ್ ಬಂತು.

ನಂಬರ್ ಹೇಗೆ ಸಿಕ್ಕಿತೋ ದೇವರಿಗೇ ಗೊತ್ತು. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಸಿಎಸ್ ಮ್ಯಾನೇಜ್‌ಮೆಂಟ್ ಸೀಟ್ ಎರಡೇ ಉಳಿದಿದೆ, ಶನಿವಾರದೊಳಗೆ ಅಡ್ವಾನ್ಸ್ ಹಾಕಿದರೆ ಹಿಡಿದಿಡುತ್ತೇವೆ, ಸೆಕೆಂಡ್ ರೌಂಡ್ ನಂಬಿ ಕೂತರೆ ಕೆಡ್ತೀರಿ ಸರ್ ಅಂತ. ಚಿಕ್ಕಪ್ಪನದು ಹೈವೇ ಬದಿಯ ಸಣ್ಣ ಹಾರ್ಡ್‌ವೇರ್ ಅಂಗಡಿ. ಚಿಕ್ಕಮ್ಮನ ಚಿನ್ನವನ್ನು ಸೊಸೈಟಿಯಲ್ಲಿ ಇಟ್ಟರೆ ಎಷ್ಟು ಬರಬಹುದು ಅಂತ ವಿಚಾರಿಸಿಯೂ ಬಂದಿದ್ದರು. ರಾತ್ರಿ ನನಗೆ ಫೋನ್ ಮಾಡಿ, "ನೀನು ಕಂಪ್ಯೂಟರಿನವ ಅಲ್ವಾ ಮಗಾ, ಈ ಸೆಕೆಂಡ್ ರೌಂಡ್ ಅಂದ್ರೆ ಎಂತದು, ನಿಜವಾಗಿ ಏನಾದ್ರೂ ಬದಲಾಗ್ತದಾ, ಸುಮ್ಮನೆ ನಾಟಕವಾ?" ಅಂತ ಕೇಳಿದರು.

ನ್ಯಾಯವಾದ ಪ್ರಶ್ನೆ. ಹೊರಗಿನಿಂದ ನೋಡಿದರೆ ಇದು ಲಾಟರಿಯ ಹಾಗೆಯೇ ಕಾಣುವುದು. ನಮ್ಮ ಹಿರಿಯ ಕಸಿನ್‌ಗಳ ಕಾಲದಲ್ಲಿ ಕೌನ್ಸೆಲಿಂಗ್‌ಗೆ ರಾತ್ರಿ ಬಸ್ ಹತ್ತಿ ಬೆಂಗಳೂರಿಗೇ ಹೋಗಬೇಕಿತ್ತು. ಪರದೆಯ ಮೇಲೆ ಸೀಟಿನ ಸಂಖ್ಯೆ ಕಡಿಮೆಯಾಗುವುದು ಕಣ್ಣಿಗೆ ಕಾಣುತ್ತಿತ್ತು. ಈಗ ಎಲ್ಲ ಮೊಬೈಲಿನಲ್ಲಿ. ಸುಲಭವಾಯಿತು, ಆದರೆ ಒಳಗೆ ಏನು ನಡೆಯುತ್ತದೆ ಅಂತ ಯಾರಿಗೂ ಕಾಣುವುದಿಲ್ಲ.

ಒಳಗೆ ನಡೆಯುವುದು ತುಂಬಾ ಸರಳ. ರ‍್ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ತೆಗೆದುಕೊಂಡು, ಅವರು ಕೊಟ್ಟ ಆಪ್ಷನ್ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ, ಅವರ ಮೀಸಲಾತಿಯಲ್ಲಿ ಖಾಲಿ ಇರುವ ಮೊದಲ ಸೀಟನ್ನು ಕೊಡುವುದು, ಅಷ್ಟೇ. ಹಾಗಾಗಿ ಪಟ್ಟಿಯಲ್ಲಿ ಆಸೆಯದ್ದನ್ನು ಮೇಲೆ ಹಾಕಿದರೆ ಕೆಳಗಿನ "ಸೇಫ್" ಸೀಟಿಗೆ ಏನೂ ತೊಂದರೆ ಇಲ್ಲ. ಸೇಫ್ ಅಂತ ಸಣ್ಣದನ್ನು ಮೇಲೆ ಹಾಕಿದಿರೋ, ಕಂಪ್ಯೂಟರ್ ಅದನ್ನೇ ಕೊಟ್ಟು ಮುಂದೆ ಹೋಗ್ತದೆ, ಅದರ ಕೆಳಗಿನದನ್ನು ನೋಡುವುದೇ ಇಲ್ಲ. "ನನ್ನ ರ‍್ಯಾಂಕಿಗೆ ಅದೆಲ್ಲ ಯಾಕೆ" ಅಂತ ಮಕ್ಕಳು ನಾಚಿಕೆ ಪಡುತ್ತಾರೆ. ನಾಚಿಕೆಗೆ ಅಲ್ಲಿ ಕಾಲಂ ಇಲ್ಲ.

ಇನ್ನು ಸಿಇಟಿಯಲ್ಲಿ ವೇಟಿಂಗ್ ಲಿಸ್ಟ್ ಅಂತ ಹೆಸರು ಹಾಕಿದ ಪಟ್ಟಿ ಇಲ್ಲ. ರೈಲಿನ ಹಾಗೆ ಡಬ್ಲ್ಯುಎಲ್ 14 ಅಂತ ಗೊತ್ತಾಗುವುದಿಲ್ಲ. ಇಲ್ಲಿ ಕಾಯುವಿಕೆಗೆ ಇರುವ ಹೆಸರು ಚಾಯ್ಸ್ 2. ಸೀಟು ಸಿಕ್ಕ ಮೇಲೆ ನಾಲ್ಕು ಚಾಯ್ಸ್ ಕೇಳುತ್ತಾರಲ್ಲ, ಅದರಲ್ಲಿ ಒಂದು ಎಂದರೆ ಸೀಟು ಒಪ್ಪಿಗೆ, ಸೇರುತ್ತೇನೆ. ನಾಲ್ಕು ಎಂದರೆ ಆಟದಿಂದ ಹೊರಗೆ. ಮನೆಗಳಲ್ಲಿ ಜಗಳ ಆಗುವುದು ಎರಡು ಮತ್ತು ಮೂರರ ಮಧ್ಯೆ. ಚಾಯ್ಸ್ 2ರಲ್ಲಿ ಸಿಕ್ಕಿದ ಸೀಟು ಕೈಯಲ್ಲಿರುತ್ತದೆ, ಪಟ್ಟಿಯಲ್ಲಿ ಅದಕ್ಕಿಂತ ಮೇಲಿನದು ಮುಂದಿನ ಸುತ್ತಿನಲ್ಲಿ ಸಿಕ್ಕರೆ ಹಳೆಯದು ತಾನಾಗಿ ರದ್ದಾಗುತ್ತದೆ. ಚಾಯ್ಸ್ 3ರಲ್ಲಿ ಸಿಕ್ಕಿದ್ದನ್ನು ಬಿಟ್ಟು ಖಾಲಿ ಕೈಯಲ್ಲಿ ಕಾಯುವುದು. ಚಾಯ್ಸ್ 2ಕ್ಕೆ ಫೀಸ್ ಯಾವಾಗ ಕಟ್ಟಬೇಕು ಎನ್ನುವ ನಿಯಮ ಬದಲಾಗುತ್ತಿರುತ್ತದೆ, ಆಯಾ ವರ್ಷದ ಸೂಚನೆಯನ್ನು ಪರೀಕ್ಷಾ ಪ್ರಾಧಿಕಾರದ ವೆಬ್‌ಸೈಟಿನಲ್ಲೇ ಓದಿ, ವಾಟ್ಸಾಪಿನಲ್ಲಿ ಬಂದದ್ದನ್ನಲ್ಲ. ಎಲೆಕ್ಟ್ರಾನಿಕ್ಸ್ ಸಿಕ್ಕಿದ್ದಕ್ಕೆ ಸಿಟ್ಟಿನಲ್ಲಿದ್ದ ನಮ್ಮ ತಂಗಿ ಚಾಯ್ಸ್ 3 ಒತ್ತುವವಳಿದ್ದಳು. ಚಿಕ್ಕಮ್ಮ ಮೊಬೈಲ್ ತೆಗೆದಿಟ್ಟರಂತೆ. ಚಿಕ್ಕಮ್ಮನಿಗೆ ನಿಯಮ ಗೊತ್ತಿರಲಿಲ್ಲ, ಸಿಟ್ಟಿನಲ್ಲಿ ಮಾಡಿದ್ದು ಸರಿ ಬರುವುದಿಲ್ಲ ಅಂತ ಗೊತ್ತಿತ್ತು.

ಚಿಕ್ಕಪ್ಪನ ಪ್ರಶ್ನೆಗೆ ನಾನು ಕೊಟ್ಟ ಉದಾಹರಣೆ ಹೀಗಿತ್ತು. ಕಾರ್ಕಳದ ಒಬ್ಬಳಿಗೆ ಬೆಂಗಳೂರಿನಲ್ಲಿ ಸಿಎಸ್ ಸಿಕ್ಕಿದೆ ಅಂತ ಇಟ್ಟುಕೊಳ್ಳಿ. ಆಮೇಲೆ ಅವಳಿಗೆ ನೀಟ್‌ನಲ್ಲಿ ಮೆಡಿಕಲ್ ಆಗ್ತದೆ, ಬಿಟ್ಟು ಹೋಗ್ತಾಳೆ. ಅವಳ ಸೀಟು ಹುಬ್ಬಳ್ಳಿಯವನಿಗೆ. ಅವನು ಬಿಟ್ಟದ್ದು ಶಿವಮೊಗ್ಗದವಳಿಗೆ. ಅವಳು ಬಿಟ್ಟದ್ದು ನಮ್ಮ ಕಾಪುವಿನವಳಿಗೆ. ಒಬ್ಬಳು ಎದ್ದದ್ದಕ್ಕೆ ಮೂರು ಜನ ಒಂದೊಂದು ಕುರ್ಚಿ ಮುಂದೆ. ಸುರತ್ಕಲ್‌ನ ಎನ್‌ಐಟಿಗೆ ಹೋಗುವವರು, ಕಾಮೆಡ್‌ಕೆ ಮೂಲಕ ಬೇರೆ ಕಾಲೇಜು ಹಿಡಿಯುವವರು, ಮಣಿಪಾಲದ ಎಂಐಟಿ ಸೇರುವವರು, ಎಲ್ಲರೂ ಹೀಗೆ ಏಳುತ್ತಾರೆ. ಮಣಿಪಾಲದ ಸ್ವಂತ ಪ್ರವೇಶ ಪರೀಕ್ಷೆಯ ಕೌನ್ಸೆಲಿಂಗ್‌ನಲ್ಲೂ ಇದೇ ಕಥೆ. ಅಲ್ಲಿಗೆ ದೇಶದ ಮೂಲೆಮೂಲೆಯಿಂದ ಅರ್ಜಿ ಹಾಕುವವರಲ್ಲಿ ಅನೇಕರ ಕೈಯಲ್ಲಿ ಬೇರೊಂದು ಸೀಟೂ ಇರುತ್ತದೆ, ಹಾಗಾಗಿ ಮೊದಲ ಸುತ್ತಿನ ಕೊನೆಯ ರ‍್ಯಾಂಕೇ ಕೊನೆಯ ಮಾತಲ್ಲ.

ಅಂದರೆ ಕಾಯುವವಳ ಬುದ್ಧಿವಂತಿಕೆಗೂ ಎರಡನೇ ಸುತ್ತಿಗೂ ಸಂಬಂಧವೇ ಇಲ್ಲ. ಅವಳು ಪರೀಕ್ಷೆ ಬರೆದು ಆಗಿದೆ. ಈಗ ನಡೆಯುತ್ತಿರುವುದು ಅವಳಿಗೆ ಪರಿಚಯವೇ ಇಲ್ಲದ ಯಾರದೋ ಮನೆಯ ತೀರ್ಮಾನ. ಇದನ್ನು ಹೇಳಿದ್ದಕ್ಕೆ ಅವಳು, "ಹಾಗಾದ್ರೆ ನಾನು ಮಾಡ್ಲಿಕ್ಕೆ ಏನೂ ಇಲ್ವಾ ಅಣ್ಣ?" ಅಂದಳು. ಇತ್ತು. ಹಿಂದಿನ ವರ್ಷಗಳ ಕಟ್ ಆಫ್ ಪಿಡಿಎಫ್‌ಗಳನ್ನು ಇಳಿಸಿ, ಮೊದಲ ಸುತ್ತು ಮತ್ತು ಎರಡನೇ ಸುತ್ತಿನ ಕೊನೆಯ ರ‍್ಯಾಂಕುಗಳನ್ನು ಎಕ್ಸೆಲ್‌ನಲ್ಲಿ ಅಕ್ಕಪಕ್ಕ ಹಾಕಿದೆವು. ಎರಡು ರಾತ್ರಿಯ ಕೆಲಸ. ತುಂಬಾ ಜನ ಜಿಎಂ ಕಾಲಂ ನೋಡಿಯೇ ಎದೆ ಒಡೆದುಕೊಳ್ಳುತ್ತಾರೆ. ನೋಡಬೇಕಾದದ್ದು ನಿಮ್ಮ ಕಾಲಂ. ಕೊನೆಯಲ್ಲಿ ಆರ್ ಇದ್ದರೆ ಗ್ರಾಮೀಣ, ಕೆ ಇದ್ದರೆ ಕನ್ನಡ ಮಾಧ್ಯಮ. ಗ್ರಾಮೀಣಕ್ಕೆ 15, ಕನ್ನಡ ಮಾಧ್ಯಮಕ್ಕೆ 5 ಪರ್ಸೆಂಟ್ ಉಂಟು. ಊರಿನ ಕನ್ನಡ ಶಾಲೆಯಲ್ಲಿ ಓದಿದ್ದನ್ನು ಮುಚ್ಚಿಟ್ಟುಕೊಳ್ಳುವವರಿಗೆ ಇದೊಂದು ಸಲ ಅದು ನೇರವಾಗಿ ಕೆಲಸಕ್ಕೆ ಬರ್ತದೆ.

ನನಗೆ ಈ ವಿಷಯದಲ್ಲಿ ಬೇರೊಂದು ಕುತೂಹಲವೂ ಇತ್ತು. 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಎಂಬ ಇಬ್ಬರು ಗಣಿತಜ್ಞರು ಬರೆದ ಒಂದು ಸಣ್ಣ ಪ್ರಬಂಧ ಶುರುವಾಗುವುದೇ ಕಾಲೇಜುಗಳ ವೇಟಿಂಗ್ ಲಿಸ್ಟಿನ ತಲೆನೋವಿನಿಂದ. ಹುಡುಗ ಎಲ್ಲೆಲ್ಲಿ ಅರ್ಜಿ ಹಾಕಿದ್ದಾನೆ ಅಂತ ಕಾಲೇಜಿಗೆ ಗೊತ್ತಿಲ್ಲ, ಕಾದರೆ ಸಿಗುತ್ತದಾ ಅಂತ ಹುಡುಗನಿಗೆ ಗೊತ್ತಿಲ್ಲ. ಎಲ್ಲರ ಇಷ್ಟವನ್ನು ಒಂದೇ ಕಡೆ ತಂದು, ಮೇಲಿನದು ಸಿಗುವವರೆಗೆ ಕೆಳಗಿನದನ್ನು ಹಿಡಿದುಕೊಂಡಿರಲು ಬಿಟ್ಟರೆ ಈ ಗೊಂದಲ ಬಗೆಹರಿಯುತ್ತದೆ ಅಂತ ಅವರು ತೋರಿಸಿದರು. 2012ರಲ್ಲಿ ಶಾಪ್ಲಿಗೆ ಆಲ್ವಿನ್ ರಾತ್ ಜತೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅಷ್ಟು ಹೊತ್ತಿಗೆ ಗೇಲ್ ತೀರಿಕೊಂಡಿದ್ದರು. ನಮ್ಮ ಐಐಟಿ, ಎನ್‌ಐಟಿಗಳು 2015ರಿಂದ ಜೋಸಾ ಎಂಬ ಒಂದೇ ಕೌನ್ಸೆಲಿಂಗ್‌ಗೆ ಬಂದವು. ಆದರೆ ಸಿಇಟಿ, ಕಾಮೆಡ್‌ಕೆ, ಮಣಿಪಾಲ, ನಿಟ್ಟೆ ಇವೆಲ್ಲ ಇವತ್ತಿಗೂ ಬೇರೆ ಬೇರೆ ಅಂಗಡಿ. ಒಂದರ ಕಂಪ್ಯೂಟರಿಗೆ ಇನ್ನೊಂದರಲ್ಲಿ ಏನಾಯಿತು ಅಂತ ಗೊತ್ತಿಲ್ಲ. ನಮ್ಮ ಮಕ್ಕಳು ಕಾಯುವ ಕಾಯುವಿಕೆಯ ದೊಡ್ಡ ಭಾಗ ಈ ಗೋಡೆಗಳಿಂದ ಆದದ್ದು ಎಂದು ನನ್ನ ಅಭಿಪ್ರಾಯ.

ಕೆಲವೊಮ್ಮೆ ಕಾಯುವಿಕೆ ಕೋರ್ಟಿಗೂ ಹೋಗ್ತದೆ. 2021ರಲ್ಲಿ ಕೋವಿಡ್‌ನಿಂದ ಪಿಯು ಪರೀಕ್ಷೆಯೇ ನಡೆಯದೆ ಸಿಇಟಿ ಅಂಕದಿಂದ ಮಾತ್ರ ರ‍್ಯಾಂಕ್ ಕೊಟ್ಟರು. ಆ ಬ್ಯಾಚಿನಲ್ಲಿ 2022ಕ್ಕೆ ಮತ್ತೆ ಸಿಇಟಿ ಬರೆದವರು ಸುಮಾರು 24 ಸಾವಿರ. ಅವರ ಪಿಯು ಅಂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ರ‍್ಯಾಂಕ್ ಎಲ್ಲಿಗೋ ಹೋಯಿತು. ಹೈಕೋರ್ಟಿನಲ್ಲಿ ತೀರ್ಮಾನವಾಗಿ ಪರಿಷ್ಕೃತ ಪಟ್ಟಿ ಬರುವಾಗ ಸೆಪ್ಟೆಂಬರ್ ಕಳೆದಿತ್ತು. ಅಲ್ಲಿಯವರೆಗೆ ಇಡೀ ರಾಜ್ಯವೇ ವೇಟಿಂಗ್ ಲಿಸ್ಟಿನಲ್ಲಿ. ಆ ವರ್ಷ ದುಡ್ಡು ಕೊಟ್ಟು ಬೇರೆ ಕಡೆ ಸೀಟು ಹಿಡಿದವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ.

ಆದರೆ ಚಿಕ್ಕಪ್ಪನಿಗೆ ಬಂದಂಥ ಫೋನಿನ ವಿಷಯ ಬೇರೆ. ಸರ್ಕಾರಿ ಕೋಟಾದ ಸೀಟಿಗೆ ಖಾಸಗಿ ಕಾಲೇಜಿನಲ್ಲೂ ವರ್ಷಕ್ಕೆ ಒಂದು ಲಕ್ಷದ ಆಸುಪಾಸು. ಮ್ಯಾನೇಜ್‌ಮೆಂಟ್ ಸೀಟು ಅದರ ಎಷ್ಟು ಪಟ್ಟು ಅಂತ ಊರಲ್ಲಿ ಕೇಳಿದರೆ ಗೊತ್ತಾಗ್ತದೆ. ಎರಡನೇ ಸುತ್ತು ಆದ ಮೇಲೆ ಅರ್ಧ ಗಿರಾಕಿಗಳಿಗೆ ಆ ಸೀಟು ಬೇಕಾಗುವುದಿಲ್ಲ. ಅದಕ್ಕೇ ಫೋನು ಬರುವುದು ಎರಡನೇ ಸುತ್ತಿನ ಮೊದಲು, ಶನಿವಾರದೊಳಗೆ. ಇನ್ನೂ ಕೆಟ್ಟದ್ದು ಉಂಟು. 2024ರ ನವೆಂಬರ್‌ನಲ್ಲಿ ಪರೀಕ್ಷಾ ಪ್ರಾಧಿಕಾರ ಸೀಟ್ ಬ್ಲಾಕಿಂಗ್ ಬಗ್ಗೆ ಪೊಲೀಸರಿಗೆ ದೂರು ಕೊಟ್ಟಿತು, ಡಿಸೆಂಬರ್‌ನಲ್ಲಿ ಹತ್ತು ಜನರ ಬಂಧನವಾಯಿತು, ಅದರಲ್ಲಿ ಪ್ರಾಧಿಕಾರದ ಒಬ್ಬ ನೌಕರನೂ ಇದ್ದ. ಆರೋಪ ಏನೆಂದರೆ, ಒಳ್ಳೆಯ ರ‍್ಯಾಂಕ್ ಇದ್ದು ಸೀಟು ಬೇಡವಾದವರ ಲಾಗಿನ್ ಬಳಸಿ ಬೇಡಿಕೆಯ ಸೀಟುಗಳನ್ನು ಹಿಡಿದಿಡುವುದು, ಕೊನೆಗೆ ಸೇರದೇ ಇರುವುದು. ಕೊನೆಯ ಸುತ್ತಿನ ನಂತರ ಖಾಲಿ ಉಳಿದ ಸೀಟು ಕಾಲೇಜಿನ ಕೈಗೆ ಹೋಗುತ್ತದೆ. ಬೇರೆ ಬೇರೆ ಅಭ್ಯರ್ಥಿಗಳ ಆಪ್ಷನ್ ಒಂದೇ ಐಪಿ ವಿಳಾಸದಿಂದ ಬಂದದ್ದು ಅನುಮಾನಕ್ಕೆ ದಾರಿ ಮಾಡಿತ್ತು. ಇದನ್ನು ಓದಿದಾಗ ನನಗೆ ಹೊಟ್ಟೆ ಉರಿಯಿತು. ಆ ಒಂದೊಂದು ಸೀಟಿನ ಹಿಂದೆ ನಮ್ಮ ತಂಗಿಯಂಥ ಮೂರು ನಾಲ್ಕು ಮಕ್ಕಳು ಒಂದು ಕುರ್ಚಿ ಮುಂದೆ ಹೋಗಬೇಕಿತ್ತು. ಯಾವ ಕಾರಣಕ್ಕೂ ನಿಮ್ಮ ಲಾಗಿನ್, ಪಾಸ್‌ವರ್ಡ್, ಒಟಿಪಿಯನ್ನು "ನಾವೇ ತುಂಬಿಸಿ ಕೊಡ್ತೇವೆ" ಎನ್ನುವವರಿಗೆ ಕೊಡಬೇಡಿ, ಅವರು ಎಷ್ಟು ಪರಿಚಯದವರಾದರೂ ಸರಿ.

ಚಿಕ್ಕಪ್ಪ ಶನಿವಾರ ದುಡ್ಡು ಹಾಕಲಿಲ್ಲ. ನನ್ನ ಎಕ್ಸೆಲ್ ನೋಡಿ ಧೈರ್ಯ ಬಂದದ್ದೇನೂ ಅಲ್ಲ. "ರಶೀದಿ ಕೊಡ್ತೀರಾ?" ಅಂತ ಕೇಳಿದ್ದಕ್ಕೆ ಆಚೆಯವ ಮಾತು ತಿರುಗಿಸಿದನಂತೆ. ಅಂಗಡಿ ನಡೆಸುವವರಿಗೆ ಅಷ್ಟು ಸಾಕು. ಎಐಸಿಟಿಇ ನಿಯಮದಂತೆ ನಿಗದಿತ ದಿನದೊಳಗೆ ಸೀಟು ಬಿಟ್ಟರೆ ಹೆಚ್ಚೆಂದರೆ 1000 ರೂಪಾಯಿ ಹಿಡಿದುಕೊಂಡು ಉಳಿದ ಫೀಸನ್ನು ಕಾಲೇಜು ವಾಪಸ್ ಕೊಡಬೇಕು, ಮೂಲ ಅಂಕಪಟ್ಟಿಗಳನ್ನು ಹಿಡಿದಿಟ್ಟುಕೊಳ್ಳುವ ಹಾಗಿಲ್ಲ. ಆದರೆ ಇದೆಲ್ಲ ರಶೀದಿ ಇರುವ ಹಣಕ್ಕೆ.

ಎರಡನೇ ಸುತ್ತಿನಲ್ಲಿ ಅವಳಿಗೆ ಬೆಂಗಳೂರು ಸಿಗಲಿಲ್ಲ. ಬಂಟಕಲ್ಲಿನಲ್ಲೇ ಎಲೆಕ್ಟ್ರಾನಿಕ್ಸ್ ಹೋಗಿ ಕಂಪ್ಯೂಟರ್ ಸೈನ್ಸ್ ಆಯಿತು. ಒಂದು ದಿನ ಮುಖ ಊದಿಸಿಕೊಂಡಿದ್ದಳು, ಹಾಸ್ಟೆಲ್‌ಗೆ ಅಂತ ತೆಗೆದ ಸೂಟ್‌ಕೇಸ್ ಅಟ್ಟಕ್ಕೆ ಹೋಯಿತು. ಬೆಂಗಳೂರಿನಲ್ಲಿ ಎಂಟು ವರ್ಷದಿಂದ ಬಾಡಿಗೆ ಕಟ್ಟುತ್ತಿರುವ ನಾನು ಸಮಾಧಾನ ಮಾಡಲು ಹೋಗಿ ಬೈಸಿಕೊಂಡೆ.

ಸೀಟು ಸಿಕ್ಕಿದವರಿಗೂ ಒಂದು ಮಾತು ಹೇಳಬೇಕು. ಮೆಡಿಕಲ್ ಸೀಟು ಪ್ರಾಧಿಕಾರದ ಮೂಲಕವೇ ಸಿಕ್ಕಿದ್ದರೆ ಅವರ ಕಂಪ್ಯೂಟರಿಗೆ ಗೊತ್ತಿರುತ್ತದೆ. ನೀವು ಮಣಿಪಾಲಕ್ಕೋ ನಿಟ್ಟೆಗೋ ಸುರತ್ಕಲ್‌ಗೋ ಸೇರಿದ್ದು ಅದಕ್ಕೆ ಗೊತ್ತಿಲ್ಲ. ಸಿಇಟಿ ಸೀಟಿಗೆ ಫೀಸ್ ಕಟ್ಟಿ "ಇರಲಿ" ಅಂತ ಬಿಟ್ಟರೆ ಆ ಸೀಟು ನಿಮ್ಮ ಹೆಸರಿನಲ್ಲೇ ಕೂತಿರುತ್ತದೆ. ಕ್ಯಾನ್ಸಲ್ ಮಾಡಲು ಕೊನೆಯ ದಿನ ಅಂತ ಒಂದು ಕೊಡುತ್ತಾರೆ. ಅದರೊಳಗೆ ಲಾಗಿನ್ ಮಾಡಿ ರದ್ದು ಮಾಡಿ. ಎರಡನೇ ಸುತ್ತಿನ ಲೆಕ್ಕ ನಡೆಯುವಾಗ ಆ ಸೀಟು ಖಾಲಿ ಅಂತ ಕಾಣಬೇಕು.