ತಾನಾಗಿ ಚಲಿಸುವ ಯಂತ್ರವೂ ನಮ್ಮ ಕನಿಕರವೂ

ಕೈ ಸೋಂಕದೆ ತಾನಾಗಿ ಚಲಿಸುವ ವಸ್ತುವನ್ನು ಕಂಡಾಗ ಮನುಷ್ಯನು ಅದರೊಳಗೊಂದು ಜೀವವನ್ನು ಊಹಿಸಿಕೊಳ್ಳುವನು. ಇದು ಅಜ್ಞಾನವಲ್ಲ, ಮನಸ್ಸಿನ ಸ್ವಭಾವವೇ ಅಂಥದು. 1944ರಲ್ಲಿ ಹೈಡರ್ ಮತ್ತು ಸಿಮೆಲ್ ಎಂಬ ಮನಶ್ಶಾಸ್ತ್ರಜ್ಞರು ಅಮೇರಿಕೆಯಲ್ಲಿ, ಎರಡು ತ್ರಿಕೋಣಗಳೂ ಒಂದು ವೃತ್ತವೂ ಅತ್ತಿತ್ತ ಓಡಾಡುವ ಚಿಕ್ಕ ಚಲಚ್ಚಿತ್ರವನ್ನು 34 ಜನರಿಗೆ ತೋರಿಸಿ, ಕಂಡದ್ದನ್ನು ಬರೆಯಹೇಳಿದರು. ಒಬ್ಬರ ಹೊರತು ಮಿಕ್ಕವರೆಲ್ಲರೂ ಆ ಆಕೃತಿಗಳನ್ನು ಜೀವಿಗಳೆಂಬಂತೆಯೇ ವರ್ಣಿಸಿದರು. 2002ರಲ್ಲಿ ಮಾರಾಟಕ್ಕೆ ಬಂದ, ನೆಲದ ಮೇಲೆ ತಾನೇ ತಿರುಗಿ ಕಸ ಹೀರುವ ರೂಂಬಾ ಯಂತ್ರಕ್ಕೆ ಕೆಲವರು ಸಾಕುಪ್ರಾಣಿಗೆ ಇಡುವಂತೆ ಹೆಸರಿಟ್ಟಿದ್ದನ್ನೂ ಸಂಶೋಧಕರು ಕಂಡಿದ್ದಾರೆ.

ನಮ್ಮ ಕುಂಚಾವರಂ ಸೀಮೆಯಲ್ಲಿ ಅಂಥ ಯಂತ್ರವು ಅಪರೂಪವೇ ಸರಿ. ಆದರೆ ಮಿಕ್ಸರ್ ಮತ್ತು ಬಟ್ಟೆ ಒಗೆಯುವ ಯಂತ್ರಗಳು ಬಂದಿವೆ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2000 ರೂಪಾಯಿಗಳನ್ನು ಕೂಡಿಟ್ಟು ಇಂಥವನ್ನು ಕೊಂಡ ತಾಯಂದಿರ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿ ಸಂತೋಷಪಟ್ಟಿದ್ದೇವೆ.

ಬಟ್ಟೆ ಹಿಂಡುವಾಗ ಯಂತ್ರವು ಅದುರಿದರೆ ಮನೆಯ ಹಿರಿಯರು, "ಸಿಟ್ಟಿಗೆ ಬಂದದ, ಹತ್ತಿರ ಹೋಗಬ್ಯಾಡ್ರಿ" ಎನ್ನುವರು. ಬಟ್ಟೆಗಳು ಒಂದೇ ಮಗ್ಗುಲಿಗೆ ಕೂಡಿ ತೂಕ ಸಮವಿಲ್ಲದಾಗ ಅದು ಅದುರುವದು. ಮಿಕ್ಸರ್ ನಡುವೆ ನಿಂತರೆ, "ಪಾಪ, ದಣದದ, ಜರಾ ತಡೀರಿ" ಎನ್ನುವರು. ಭಾರ ಹೆಚ್ಚಿದಾಗ ಮೋಟಾರು ಸುಡದಂತೆ ವಿದ್ಯುತ್ತನ್ನು ತಡೆಯುವ ಗುಂಡಿಯು ಅದರ ಅಡಿಯಲ್ಲಿರುತ್ತದೆ. ತಣ್ಣಗಾದ ಮೇಲೆ ಒತ್ತಿದರೆ ಮತ್ತೆ ನಡೆಯುವದು. ಕಾರಣವನ್ನು ಬಲ್ಲ ಬಾಲಕಿಗೆ ಎಚ್ಚರಿಕೆಯಿರುವದು, ಭಯವಿರದು. ಆದಕಾರಣ ವಿಜ್ಞಾನದ ಪಾಠವು ಅಡಿಗೆಮನೆಯ ತನಕ ಹೋಗಬೇಕೆಂಬದು ನಮ್ಮ ಅಭಿಪ್ರಾಯ.

ಯಂತ್ರದ ಮೇಲಣ ಕನಿಕರವನ್ನು ನಾವು ಹಳಿಯುವದಿಲ್ಲ. ಆದರೆ ಅದು ಅಲ್ಲಿಗೇ ನಿಲ್ಲುವದು ನ್ಯಾಯವಲ್ಲ. ನಸುಕಿನಲ್ಲೆದ್ದು ಜೋಳ ಬೀಸಿದ ಅಜ್ಜಿಯನ್ನು, "ದಣಿದಿರೇನು?" ಎಂದು ಕೇಳಿದವರೆಷ್ಟು ಜನ? ಶಾಲೆಯಿಂದ ಬಂದೊಡನೆ ನೀರು ತಂದು ರೊಟ್ಟಿ ಬಡಿಯುವ ಮಗಳನ್ನು ಇಂದು ಕೇಳುವವರೆಷ್ಟು ಜನ? ದಿನವೂ ಕಾಣುವ ಚಲನೆಯಾದ್ದರಿಂದ ಅವಳ ದಣಿವು ನಮ್ಮ ಕಣ್ಣಿಗೆ ಬೀಳದೆ ಹೋಗುತ್ತದೆ. ದಣಿವನ್ನೇ ಅರಿಯದ ಮಿಕ್ಸರಿಗೆ ದೊರೆಯುವ ವಿಶ್ರಾಂತಿಯು ಅವಳಿಗೆ ದೊರೆಯದು.

ಇನ್ನು ಯಂತ್ರವು ಉಳಿಸಿದ ವೇಳೆಯು ಯಾರ ಪಾಲಿಗೆ? ಅದನ್ನೂ ಬೇರೊಂದು ಮನೆಗೆಲಸವೇ ನುಂಗಿದರೆ ಮಗಳಿಗೆ ಲಾಭವೇನು? ಪೋಷಕರೇ, ಯಂತ್ರವು ಒಂದು ತಾಸು ಉಳಿಸಿದರೆ ಅದರಲ್ಲಿ ಅರ್ಧವನ್ನಾದರೂ ಅವಳ ಪುಸ್ತಕಕ್ಕೆ ಬಿಟ್ಟುಕೊಡಿರಿ. ತಾಯಂದಿರಾಗಿರುವ ಹಳೆಯ ವಿದ್ಯಾರ್ಥಿನಿಯರೇ, ಯಂತ್ರವನ್ನು ನಡೆಸುವ ವಿದ್ಯೆಯನ್ನು ಗಂಡುಮಕ್ಕಳಿಗೂ ಕಲಿಸಿರಿ. ಗುಂಡಿಯನ್ನೊತ್ತಲು ಹೆಣ್ಣಿನ ಕೈಯೇ ಬೇಕೆಂಬ ನಿಯಮವಿಲ್ಲವಷ್ಟೆ.